ಇತರೆ ಹಾಲು

"ಥೂ ಲೌಡಿ! ಯಾರ ಹಾಲು ತಂದು ಯಾವ ಕ್ಯಾನಿಗೆ ಹುಯ್ತಿದೀಯೆ? ದೇವ್ರಿಗೆ ಅಂತ ಎತ್ತಿಡೋ ಹಾಲು ಕಣೇ ಅದು!"

ರಾಗಿಗುಂಟಪಲ್ಲಿ ಹಾಲಿನ ಡೈರಿಯ ಬಾಗಿಲಲ್ಲಿ ನಿಂತು ಅಧ್ಯಕ್ಷ ಕದಿರಪ್ಪ ಹೀಗೆ ಕಿರುಚಿದಾಗ ಬೆಳಿಗ್ಗೆ ಆರೂವರೆ. ಹಾಲು ಹಾಕಲು ಬಂದವರು ಮೂವತ್ತು ನಲವತ್ತು ಜನ ಸಾಲಿನಲ್ಲಿದ್ದರು. ಟೆಸ್ಟರ್ ಗಂಗಾಲಕ್ಷ್ಮಿಯ ಕೈಯಲ್ಲಿ ಅವಳ ಅತ್ತೆ ಮುನಿಶಾಮಮ್ಮನ ಹಾಲಿನ ಪಾತ್ರೆ ಇನ್ನೂ ವಾಲಿಕೊಂಡೇ ಇತ್ತು. ಕದಿರಪ್ಪ ಪಾತ್ರೆಯನ್ನು ಮುಟ್ಟಲಿಲ್ಲ, ಕಾಲೆತ್ತಿ ಒದ್ದ. ಅದು ಗೋಡೆಗೆ ಬಡಿದು ಉರುಳಿತು. "ಮಾದಿಗರ ಹಾಲು ಕುಡ್ಸಿ ಊರನ್ನೇ ಕೆಡಿಸ್ಬೇಕು ಅಂತಿದೀಯಾ, ಬೋಸುಡಿ? ನಡಿ ಆಚೆಗೆ!"

ಎರಡು ದಿನ ಬಿಟ್ಟು ಇಷ್ಟೆಲ್ಲವೂ ಕಾಗದದ ಮೇಲೆ ಹೀಗೆ ಬಂತು: "ಅಧ್ಯಕ್ಷರು ಸ್ಥಳದಲ್ಲಿಯೇ ವಿಚಾರಿಸಲಾಗಿ, ಸದರಿ ನೌಕರರು ಸಮಂಜಸ ಉತ್ತರ ನೀಡಿರುವುದಿಲ್ಲ." ಹಾಗೆ ಬರುವಂತೆ ಟೈಪು ಮಾಡಿದವನು ನಾನು.

ನಾನು ಭೀಮರಾಜ್. ಶ್ರೀನಿವಾಸಪುರದಲ್ಲಿ ವಕೀಲ ಮುರಳಿಮೋಹನ್ ಅವರ ಗುಮಾಸ್ತ. ಹನ್ನೊಂದು ವರ್ಷದಿಂದ ಅವರು ಹೇಳುವುದು, ನಾನು ಒತ್ತುವುದು. ಚಪ್ಪಲಿಯಲ್ಲಿ ಹೊಡೆದದ್ದನ್ನು "ಮಾತಿಗೆ ಮಾತು ಬೆಳೆದು" ಎಂದು ಬರೆದಿದ್ದೇನೆ. ಹೆಂಗಸಿನ ಸೆರಗು ಎಳೆದದ್ದನ್ನು "ಅನುಚಿತವಾಗಿ ವರ್ತಿಸಿ" ಎಂದು ಬರೆದಿದ್ದೇನೆ. ಬೈಗುಳವನ್ನು ಸರ್ಕಾರಿ ಕನ್ನಡಕ್ಕೆ ತರುವುದರಲ್ಲಿ ನನ್ನಷ್ಟು ಪಳಗಿದವನು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ. ಆದರೆ ಆವತ್ತು ನಾನು ಬದಲಾಯಿಸಿದ ಬೈಗುಳ ನನಗೇ ಬಿದ್ದಿದ್ದು. ನಾನು ಹುಟ್ಟಿದ್ದು ರಾಗಿಗುಂಟಪಲ್ಲಿಯ ಕಾಲೊನಿಯಲ್ಲಿ. ಮುನಿಶಾಮಮ್ಮ ನನಗೆ ವರಸೆಯಲ್ಲಿ ದೊಡ್ಡಮ್ಮ. ಅವಳ ಹಸುವಿನ ಹಾಲು ಕುಡಿದೇ ನಾನು ಬೆಳೆದದ್ದು.

ಡೈರಿಯ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಎರಡು ಹೊತ್ತೂ ಊರಿನ ಹಾಲೆಲ್ಲ ಡೈರಿಗೆ ಬರುತ್ತದೆ. ಟೆಸ್ಟರ್ ಆದವಳು ಮೆಷಿನ್ನಿಗೆ ಸ್ಯಾಂಪಲ್ ಇಟ್ಟು, ಹಾಲಿನ ದರ ಗೊತ್ತುಮಾಡುವ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡಿ, ತೂಕ ಮಾಡಿ, ಹಾಲನ್ನು ದೊಡ್ಡ ಕೂಲರಿಗೆ ಹುಯ್ಯುತ್ತಾಳೆ. ಅಲ್ಲಿಂದ ಅದು ಟ್ಯಾಂಕರಿನಲ್ಲಿ ಹೊರಟುಹೋಗುತ್ತದೆ. ಕೂಲರಿನಲ್ಲಿ ಯಾರ ಹಾಲಿಗೂ ಜಾತಿ ಇಲ್ಲ. ಬೆಂಗಳೂರಿನವರು ಅದನ್ನೇ ಪಾಕೀಟಿನಲ್ಲಿ ಕೊಂಡು ಕಾಫಿ ಮಾಡಿಕೊಳ್ಳುತ್ತಾರೆ, ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಆದರೆ ಊರಿನವರೇ ಕೊಂಡುಕೊಳ್ಳುವ ಹಾಲು ಬೇರೆ. ಅದಕ್ಕೆ ಬಾಗಿಲ ಪಕ್ಕದಲ್ಲಿ ನಲವತ್ತು ಲೀಟರಿನ ಒಂದು ಕ್ಯಾನ್ ಇದೆ, ಲೋಕಲ್ ಕ್ಯಾನ್ ಎನ್ನುತ್ತಾರೆ. ಊರೊಳಗಿನ ಮನೆಗಳ ಹಾಲು ಮಾತ್ರ ಅದಕ್ಕೆ ಬೀಳಬೇಕು. ದೇವಸ್ಥಾನದ ಅಭಿಷೇಕಕ್ಕೆ, ಅಧ್ಯಕ್ಷರ ಮನೆಗೆ, ಹೋಟೆಲಿಗೆ, ಎಲ್ಲಕ್ಕೂ ಆ ಕ್ಯಾನಿನಿಂದಲೇ ಅಳೆಯುವುದು. ಕಾಲೊನಿಯ ಹಾಲು ನೇರವಾಗಿ ಕೂಲರಿಗೆ ಹೋಗಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ, ಗಂಗಾಲಕ್ಷ್ಮಿ ಬರುವವರೆಗೆ.

ಅವಳು ದೇವರಾಯಸಮುದ್ರದ ಹೆಣ್ಣು. ಪಿಯುಸಿ ಓದಿದ್ದಾಳೆ, ಕಂಪ್ಯೂಟರ್ ಬರುತ್ತದೆ. ಹಳೆಯ ಟೆಸ್ಟರ್ ಬಿಟ್ಟುಹೋದಾಗ ಮೆಷಿನ್ ನಡೆಸಬಲ್ಲವರು ಊರೊಳಗೆ ಯಾರೂ ಒಪ್ಪದೆ, ವಿಧಿಯಿಲ್ಲದೆ ಅವಳನ್ನು ಇಟ್ಟುಕೊಂಡರು. ಗಂಡ ಉಮೇಶ್ ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೆಟೊ ಬಾಕ್ಸು ಹೊರುತ್ತಾನೆ, ಸೀಸನ್ನಿದ್ದರೆ ಕೆಲಸ. ಮನೆ ನಡೆಯುವುದು ಇವಳಿಂದ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಿಂದಿನ ಟೆಸ್ಟರ್ ಕಾಲೊನಿ ಹಾಲಿಗೆ ಒಂದು ದಿನವೂ ಮೂರೂವರೆಗಿಂತ ಮೇಲೆ ಫ್ಯಾಟ್ ಬರೆದವನಲ್ಲ. ಇವಳು ಕೂತ ಮೇಲೆ ಮೆಷಿನ್ ತೋರಿಸಿದ್ದು ತೋರಿಸಿದ ಹಾಗೆ ಬಂತು. ನಮ್ಮ ಹಸುಗಳೂ ನಾಲ್ಕು, ನಾಲ್ಕೂವರೆ ಕೊಡುತ್ತವೆ ಎಂದು ಕಾಲೊನಿಗೆ ಗೊತ್ತಾದದ್ದೇ ಆಗ.

ಈಗ ಅವಳು ಅಮಾನತಿನಲ್ಲಿದ್ದಳು.

* * *

ಆಪಾದನಾ ಪಟ್ಟಿಯನ್ನು ಮುರಳಿಮೋಹನ್ ಅವರೇ ಹೇಳಿ ಬರೆಸಿದರು. ಆಮೇಲೆ ಅವರೇ ವಿಚಾರಣಾಧಿಕಾರಿಯೂ ಆದರು. ಆಪಾದನೆ ಬರೆದವರೇ ವಿಚಾರಣೆ ಮಾಡಬಹುದೇ ಎಂಬ ಪ್ರಶ್ನೆ ನನ್ನ ಬಾಯಿವರೆಗೂ ಬಂದಿತ್ತು. ಟೈಪು ಮಾಡಿದೆ.

"ಸ್ಥಳೀಯ ಮಾರಾಟಕ್ಕೆಂದು ಕಾಯ್ದಿರಿಸಿದ್ದ ಹಾಲಿಗೆ," ಎಂದು ಹೇಳಿ ಅವರು ಸ್ವಲ್ಪ ಹೊತ್ತು ಛಾವಣಿ ನೋಡಿದರು. "ಸಂಘದ ರೂಢಿಗೆ ವಿರುದ್ಧವಾಗಿ... ಏನಂತ ಹಾಕೋಣಯ್ಯ ಭೀಮ? ಹಾಂ. ಇತರೆ ಹಾಲನ್ನು ಬೆರೆಸಿ, ದುರ್ನಡತೆ ಎಸಗಿರುತ್ತಾರೆ. ಹಾಕು."

"ಇತರೆ ಹಾಲು ಅಂದ್ರೆ ಸಾರ್?"

"ಇತರೆ ಅಂದ್ರೆ ಇತರೆ. ಜಾತಿ ಹೆಸರು ಎಲ್ಲೂ ಬರಬಾರದು ಕಣಯ್ಯ. ಬಂದ್ರೆ ಕದಿರಪ್ಪ ಅಟ್ರಾಸಿಟಿ ಕೇಸಲ್ಲಿ ಒಳಗೆ ಹೋಗ್ತಾನೆ. ಅವನಿಗೂ ಆ ಭಯ ಇದೆ, ಅದಕ್ಕೇ ಬಂದು ನನ್ನ ಕಾಲು ಹಿಡಿದಿರೋದು."

ಮುರಳಿಮೋಹನ್ ಕೆಟ್ಟವರಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡೇ ಊಟ ಮಾಡುತ್ತಾರೆ. "ನಮ್ಮ ಭೀಮ" ಎಂದು ಕೋರ್ಟಿನಲ್ಲಿ ನಾಲ್ಕು ಜನರಿಗೆ ಹೇಳುತ್ತಾರೆ. ಅವರಿಗೆ ಎಲ್ಲ ಜಗಳವೂ ಒಂದು ಕಾಗದದಲ್ಲಿ ಮುಗಿಯಬೇಕು, ಅಷ್ಟೇ.

"ನೋಡು, ದುರ್ನಡತೆ ಅಂದ್ರೆ ಕಾನೂನಲ್ಲಿ ಸುಮ್ನೆ ತಪ್ಪು ಅಂತಲ್ಲ," ಎಂದು ನನಗೆ ಪಾಠ ಮಾಡಿದರು. "ಕೈಜಾರಿ ಗ್ಲಾಸು ಬಿದ್ದು ಒಡೀತು ಅನ್ಕೋ, ಅದು ದುರ್ನಡತೆ ಆಗಲ್ಲ. ಕೆಲಸ ಸರಿಯಾಗಿ ಬರದೆ ಕೆಡಿಸಿದರೂ ಆಗಲ್ಲ. ಗೊತ್ತಿದ್ದೂ, ಬೇಕು ಅಂತ, ಗ್ಲಾಸೆತ್ತಿ ನೆಲಕ್ಕೆ ಹೊಡೀತಾನೆ ನೋಡು, ಅದು ದುರ್ನಡತೆ. ಒಳಗಡೆ ಮನಸ್ಸಿರ್ಬೇಕು. ಈ ಹುಡುಗಿ ಬಂದು, ಕಣ್ತಪ್ಪಿನಿಂದ ಆಯ್ತು ಸ್ವಾಮಿ, ಕೂಲರೂ ಕ್ಯಾನೂ ಪಕ್ಕಪಕ್ಕದಲ್ಲಿದ್ವು ಅಂತ ಒಂದು ಮಾತಂದ್ರೆ ಮುಗೀತು. ದುರ್ನಡತೆ ಬಿದ್ದುಹೋಗುತ್ತೆ. ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸ್ ತಗೊಳ್ಳಿ ಅಂತ ಬರೆದುಕೊಡ್ತೀನಿ. ಅವಳಿಗೂ ಕೆಲಸ ಉಳೀತು, ಅವನಿಗೂ ಮಾನ ಉಳೀತು. ನಿಮ್ಮೂರೋಳೇ ಅಲ್ವಾ, ನೀನೇ ಹೋಗಿ ಹೇಳು."

ಅವರ ಮಾತು ನನಗೆ ಸರಿ ಎನ್ನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಸರಿ ಎನ್ನಿಸಿತು. ನಾನೇ ಕೂತು ಅವಳ ಉತ್ತರವನ್ನೂ ಟೈಪು ಮಾಡಿದೆ: "ಮುಂಜಾನೆಯ ಮಂದ ಬೆಳಕಿನಲ್ಲಿ ಕಣ್ತಪ್ಪಿನಿಂದ ಸದರಿ ಅಚಾತುರ್ಯ ಸಂಭವಿಸಿದ್ದು, ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ." ಓದಿಕೊಂಡಾಗ ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆಯಿತು.

* * *

ಕಾಲೊನಿಗೆ ಹೋದಾಗ ಮುನಿಶಾಮಮ್ಮ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಕದಿರಪ್ಪ ಒದ್ದು ನೆಗ್ಗಿಸಿದ ಪಾತ್ರೆಯನ್ನೇ ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿಕೊಂಡಿದ್ದಳು.

"ಬಾರೋ ನಾಯನಾ," ಎಂದಳು. "ಲಾಯರು ಏನಂದ್ರು? ನಮ್ ಹುಡ್ಗೀನ ಕೆಲ್ಸದಿಂದ ತೆಗ್ದಾಕ್ತಾರಂತಾ?"

"ಇಲ್ಲ ದೊಡ್ಡಮ್ಮ. ಒಂದು ಮಾತು ಹೇಳಿದ್ರೆ ಸಾಕಂತೆ."

ಗಂಗಾಲಕ್ಷ್ಮಿ ಒಳಗಿನಿಂದ ಬಂದು ಕಾಗದ ತೆಗೆದುಕೊಂಡು, ಬಾಗಿಲಿಗೆ ಒರಗಿ ಓದಿದಳು. ಎರಡು ಸಲ ಓದಿದಳು. ನಾನು ಗ್ಲಾಸು ಒಡೆಯುವ ಕಥೆಯನ್ನು ಮುರಳಿಮೋಹನ್ ಹೇಳಿದ ಹಾಗೆಯೇ ಹೇಳಿದೆ.

"ಕಣ್ತಪ್ಪು ಅಂತ ಬರೆದ್ರೆ ನನ್ ಮೇಲೆ ಏನೂ ಇಲ್ಲ. ಬೇಕಂತ ಮಾಡ್ದೆ ಅಂದ್ರೆ ದುರ್ನಡತೆ, ಕೆಲ್ಸ ಹೋಗುತ್ತೆ. ಇಷ್ಟೇ ತಾನೆ ಭಾವ?"

"ಅಷ್ಟೇ ಗಂಗಾ."

"ಕಣ್ತಪ್ಪು ಅಂದ್ರೆ, ನಮ್ ಹಾಲಿಗೆ ಸರಿಯಾದ್ ಜಾಗ ಬೇರೆ ಇತ್ತು, ನಾನು ತಪ್ಪಿ ಇನ್ನೊಂದಕ್ಕೆ ಹುಯ್ದೆ ಅಂತಾಗುತ್ತಲ್ಲ. ಇಷ್ಟು ವರ್ಷ ಅದನ್ನ ಅವ್ರೂ ಎಲ್ಲೂ ಬರ್ದಿರ್ಲಿಲ್ಲ. ಈಗ ನನ್ ಕೈಲೇ ಬರೆಸ್ತೀಯಾ ಭಾವ?"

ಹನ್ನೊಂದು ವರ್ಷ ವಕೀಲರ ಪಕ್ಕ ಕೂತವನಿಗೆ ಹೊಳೆಯದ್ದು ಬಾಗಿಲಿಗೆ ಒರಗಿ ನಿಂತವಳಿಗೆ ಹೊಳೆದಿತ್ತು. ನನಗೆ ಸಿಟ್ಟು ಬಂತು. ಅವಳ ಮೇಲೆ ಬಂತೋ, ನನ್ನ ಮೇಲೆ ಬಂತೋ ಹೇಳಲಾರೆ.

ಮುನಿಶಾಮಮ್ಮ ಎದ್ದು ಬಂದು ಸೊಸೆಯ ಗಲ್ಲ ಹಿಡಿದಳು. "ತಪ್ಪಾಯ್ತು ಅನ್ನೋಕೆ ಬಾಯೇನು ಸವ್ದೋಗುತ್ತಾ ಅಮ್ಮಯ್ಯ? ನಮ್ಮಮ್ಮ ಅಂದ್ಳು, ನಾನಂದೆ. ಹುಟ್ಟಿದಾಗಿಂದ ಅಂತಾನೇ ಇದೀವಿ. ನೀನು ಆ ಕುರ್ಚಿ ಬಿಟ್ರೆ ನಾಳೆ ಇನ್ಯಾವನೋ ಬಂದು ಕೂತು ಮತ್ತೆ ಮೂರು, ಮೂರೂಕಾಲು ಅಂತ ಬರೀತಾನೆ. ಕಾಲೊನಿ ಹೆಂಗಸ್ರೆಲ್ಲ ನಿನ್ ನೋಡ್ಕೊಂಡವ್ರೆ. ಅವರ್ ಮುಖಾನಾದ್ರೂ ನೋಡು."

ಗಂಗಾಲಕ್ಷ್ಮಿ ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

"ನೋಡೋಣ ಭಾವ," ಎಂದಳು. ಒಪ್ಪಿದಳೆಂದೇ ನಾನು ಮುರಳಿಮೋಹನ್ ಅವರಿಗೆ ಫೋನು ಮಾಡಿದೆ.

* * *

ವಿಚಾರಣೆ ಡೈರಿಯಲ್ಲೇ ನಡೆಯಿತು, ಮಧ್ಯಾಹ್ನ ಮೂರೂವರೆಗೆ. ಸಂಜೆಯ ಹಾಲು ಶುರುವಾಗುವುದು ಐದಕ್ಕೆ, ಅಷ್ಟರೊಳಗೆ ಮುಗಿಸಬೇಕು ಎಂದು ಮಾತಾಗಿತ್ತು. ಮೇಜಿನ ಒಂದು ಕಡೆ ಮುರಳಿಮೋಹನ್, ಅವರ ಪಕ್ಕದಲ್ಲಿ ಲ್ಯಾಪ್‌ಟಾಪು ಪ್ರಿಂಟರು ಇಟ್ಟುಕೊಂಡು ನಾನು. ಎದುರಿಗೆ ಕದಿರಪ್ಪ, ಡೈರಿಯ ಸೆಕ್ರೆಟರಿ ನಂದೀಶ್. ಗಂಗಾಲಕ್ಷ್ಮಿಗೆ ಕುರ್ಚಿ ಇರಲಿಲ್ಲ. ಹದಿನಾಲ್ಕು ತಿಂಗಳು ಅವಳು ಕೂತ ಕುರ್ಚಿಯ ಮೇಲೆ ಕದಿರಪ್ಪ ಕೂತಿದ್ದ.

"ಆಯಮ್ಮನಿಗೊಂದು ಕುರ್ಚಿ ಹಾಕ್ರಯ್ಯ," ಎಂದರು ಮುರಳಿಮೋಹನ್.

ನಂದೀಶ್ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕ್ರೇಟನ್ನು ಕಾಲಿನಿಂದ ತಳ್ಳಿದ. ಗಂಗಾಲಕ್ಷ್ಮಿ ಅದನ್ನು ನೋಡಿ, "ನಿಂತೇ ಇರ್ತೀನಿ ಸಾರ್" ಎಂದಳು.

ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಮುನಿಶಾಮಮ್ಮ ಕೂತಿದ್ದಳು. ಅವಳ ಜೊತೆ ಕಾಲೊನಿಯ ಏಳೆಂಟು ಹೆಂಗಸರು.

ಮೊದಲು ನಂದೀಶನ ಹೇಳಿಕೆ. ಶನಿವಾರ ಬೆಳಿಗ್ಗೆ ಅಭಿಷೇಕದ ಹಾಲಿಗೆಂದು ತಾನು ಬೇಗ ಬಂದದ್ದು, ಸದರಿ ನೌಕರರು ಲೋಕಲ್ ಕ್ಯಾನಿಗೆ ಇತರೆ ಹಾಲನ್ನು ಹುಯ್ಯುತ್ತಿದ್ದದ್ದನ್ನು ಕಣ್ಣಾರೆ ಕಂಡದ್ದು, ಅಧ್ಯಕ್ಷರಿಗೆ ತಿಳಿಸಿದ್ದು, ಎಲ್ಲವನ್ನೂ ಕಂಠಪಾಠ ಮಾಡಿದವನ ಹಾಗೆ ಒಪ್ಪಿಸಿದ. ನಾನು ಟೈಪು ಮಾಡಿದೆ.

"ಈ ಸಾಕ್ಷಿಗೆ ಏನಾದ್ರೂ ಕೇಳೋದಿದ್ಯೇನಮ್ಮ?" ಎಂದು ಮುರಳಿಮೋಹನ್ ಕೇಳಿದರು. ಕೇಳಬೇಕು ಎಂಬ ನಿಯಮ ಇದೆ, ಅದಕ್ಕೆ ಕೇಳಿದರು. ಇಲ್ಲ ಎನ್ನುತ್ತಾಳೆಂದು ನಾನು ಆಗಲೇ "ಪಾಟೀಸವಾಲು: ಇಲ್ಲ" ಎಂದು ಅರ್ಧ ಒತ್ತಿಯೂ ಬಿಟ್ಟಿದ್ದೆ.

"ಇದೆ ಸಾರ್. ನಂದೀಶಣ್ಣ, ಇತರೆ ಹಾಲು ಅಂದ್ಯಲ್ಲ, ಅದು ಹಸೂದೋ ಎಮ್ಮೇದೋ?"

ನಂದೀಶ್ ಅಧ್ಯಕ್ಷನ ಮುಖ ನೋಡಿದ. "ಹಸೂದೇ."

"ನೀರು ಬೆರ್ಸಿತ್ತಾ?"

"ಇಲ್ಲ."

"ಹುಳಿ ಬಂದಿತ್ತಾ?"

"ಇಲ್ಲ."

"ಫ್ಯಾಟ್ ಎಷ್ಟಿತ್ತು? ಸ್ಲಿಪ್ಪು ನಿನ್ನ ಹತ್ರನೇ ಇದೆ."

"ನಾಲ್ಕು ಪಾಯಿಂಟ್ ಆರು."

"ಕ್ಯಾನಲ್ಲಿ ಮೊದ್ಲೇ ಇದ್ದ ಹಾಲು?"

"ಮೂರು ಪಾಯಿಂಟ್ ಎಂಟು."

"ಮತ್ತೆ ಇತರೆ ಅಂದ್ರೆ ಏನಣ್ಣ?"

ನಂದೀಶ್ ಕುತ್ತಿಗೆಯ ಬೆವರು ಒರೆಸಿಕೊಂಡ. ಅವನಿಗೆ ಉತ್ತರ ಗೊತ್ತಿತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ಅದು ಕಾಗದಕ್ಕೆ ಬರುತ್ತದೆ ಎಂಬುದೂ ಗೊತ್ತಿತ್ತು.

"ಆ ಪ್ರಶ್ನೆ ಈ ವಿಚಾರಣೆಗೆ ಬೇಕಿಲ್ಲಮ್ಮ," ಎಂದು ಮುರಳಿಮೋಹನ್ ಕೈ ಎತ್ತಿದರು. "ಭೀಮ, ಪ್ರಶ್ನೆ ತಳ್ಳಿಹಾಕಿದೆ ಅಂತ ಹಾಕು. ಮುಂದೆ."

"ಇನ್ನೊಂದೇ ಸಾರ್. ನಂದೀಶಣ್ಣ, ನನ್ನ ಆಚೆಗೆ ಅಟ್ಟಿದ ಮೇಲೆ ಆ ಕ್ಯಾನಿನ ಹಾಲು ಏನ್ಮಾಡಿದ್ರಿ?"

ಈ ಸಲ ಉತ್ತರ ಕೊಟ್ಟದ್ದು ಕದಿರಪ್ಪ. "ಏನ್ಮಾಡೋದು? ಮೋರಿಗೆ ಹುಯ್ಸಿದೆ. ಮೂವತ್ತಾರು ಲೀಟ್ರು. ಕ್ಯಾನಿಗೆ ಹುಣಸೆಹಣ್ಣು, ಗಂಜಲ ಹಾಕಿ ಮೂರು ಸಲ ಉಜ್ಜಿಸ್ದೆ. ಇನ್ನೇನು ಅದನ್ನ ದೇವ್ರ ತಲೆ ಮೇಲೆ ಹುಯ್ಬೇಕಿತ್ತಾ?"

ಕಿಟಕಿಯ ಹೊರಗೆ ಮುನಿಶಾಮಮ್ಮ ಕಟ್ಟೆಯ ಮೇಲೆ ಈ ಕಡೆ ತಿರುಗಿ ಕೂತಳು.

ಗಂಗಾಲಕ್ಷ್ಮಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ದೊಡ್ಡಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮೊಣಕಾಲು ನೋವಿಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತು ಕರೆದ ಹಾಲು ಮೋರಿಗೆ ಹೋಗಿತ್ತು. ಅದರ ಜೊತೆಗೆ ಕದಿರಪ್ಪನ ಸ್ವಂತ ಹಸುಗಳ ಹಾಲೂ ಮೋರಿಗೆ ಹೋಗಿತ್ತು. ಅದು ಅವನಿಗೆ ನಷ್ಟ ಎನ್ನಿಸಿರಲೇ ಇಲ್ಲ.

"ಅಧ್ಯಕ್ಷರೇ, ನಿಮ್ಮನ್ನ ಯಾರೂ ಕೇಳ್ಲಿಲ್ಲ, ಸುಮ್ನಿರಿ," ಎಂದು ಮುರಳಿಮೋಹನ್ ಗದರಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಅದೆಲ್ಲ ಬೇಡ" ಎಂದರು. ಆಮೇಲೆ ಅವಳ ಕಡೆ ತಿರುಗಿ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಕೇಳಿದರು: "ನೋಡಮ್ಮ ಗಂಗಾಲಕ್ಷ್ಮಿ, ಇದೊಂದು ಪ್ರಶ್ನೆಗೆ ಯೋಚನೆ ಮಾಡಿ ಉತ್ತರ ಕೊಡು. ಆವತ್ತು ಬೆಳಿಗ್ಗೆ ಆ ಹಾಲನ್ನ ಆ ಕ್ಯಾನಿಗೆ ಹುಯ್ದದ್ದು ಕಣ್ತಪ್ಪಿನಿಂದ ತಾನೆ?"

ಅವಳು ರವಿಕೆಯೊಳಗಿಂದ ನನ್ನ ಕಾಗದವನ್ನು ತೆಗೆದಳು. ಮಡಿಕೆ ಬಿಚ್ಚಲೇ ಇಲ್ಲ. ಮೇಜಿನ ಮೇಲೆ, ನನ್ನ ಮುಂದೆ ಇಟ್ಟಳು.

"ಅಲ್ಲ ಸಾರ್. ಬೇಕಂತ್ಲೇ ಹುಯ್ದೆ."

"ಏಯ್, ಯೋಚ್ನೆ ಮಾಡಿ ಹೇಳಮ್ಮ—"

"ಹದಿನಾಲ್ಕು ತಿಂಗಳು ಯೋಚ್ನೆ ಮಾಡಿದೀನಿ ಸಾರ್. ಆವತ್ತೊಂದಿನ ಅಲ್ಲ. ದಿನಾ ಹುಯ್ದೆ. ಎರಡು ಹೊತ್ತೂ ಹುಯ್ದೆ. ಮೊದಲ್ನೇ ಸಲ ಲೋಕಲ್ ಕ್ಯಾನಿಗೆ ಎರಡು ಲೀಟ್ರು ಕಮ್ಮಿ ಬಿದ್ದಿತ್ತು. ಹೋಟ್ಲವ್ನು ಬಂದು ನಿಂತಿದ್ದ. ನಮ್ಮತ್ತೆ ಹಾಲು ಕೈಯಲ್ಲಿತ್ತು, ಹುಯ್ದೆ. ಆವತ್ತು ಆಚೆ ಈಚೆ ನೋಡ್ಕೊಂಡೇ ಹುಯ್ದದ್ದು ಸಾರ್, ಸುಳ್ ಹೇಳಲ್ಲ. ಮಾರನೇ ದಿನ ಅಧ್ಯಕ್ಷರ ಮನೆ ಅಮ್ಮನೋರು ಬಂದು, ಏನೇ ಗಂಗಾ, ನೆನ್ನೆ ಹಾಲು ಒಳ್ಳೆ ಕೆನೆಗಟ್ಟಿತ್ತು, ದಿನಾ ಇಂಥದ್ದೇ ಕೊಡೇ ಅಂದ್ರು. ಅದಾದ್ಮೇಲೆ ಆಚೆ ಈಚೆ ನೋಡ್ಲಿಲ್ಲ. ಸಾಲಲ್ಲಿರೋರೆಲ್ಲ ಮೆಷಿನ್ ನಂಬರ್ ನೋಡ್ತಿರ್ತಾರೆ, ಕ್ಯಾನ್ ಯಾರು ನೋಡ್ತಾರೆ?"

ಕದಿರಪ್ಪ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಲೇ ಲೇ, ಏನಂದೆ? ನಮ್ಮನೆಗೆ? ನಮ್ಮನೇಗೂ ಅದೇ ಹಾಲಾ?"

"ನಿಮ್ಮನೆಗೂ ಅದೇ. ಮಗಳ ನಿಶ್ಚಿತಾರ್ಥದ ಪಾಯಸಕ್ಕೂ ಅದೇ. ಶನಿವಾರ ಶನಿವಾರ ದೇವ್ರಿಗೂ ಅದೇ. ದೇವ್ರೇನೂ ಅನ್ಲಿಲ್ಲ. ನೀವೂ ಏನೂ ಆಗ್ದೆ ಗುಂಡ್ಕಲ್ಲಂಗೆ ಇದೀರ."

"ಬೋಳಿಮುಂಡೆ, ನಿನ್ನ..." ಎಂದು ಕೈ ಎತ್ತಿದ. ನಂದೀಶ್ ಅವನ ತೋಳು ಹಿಡಿದುಕೊಂಡ.

"ಇತರೆ ಹಾಲು ಅಂತ ಹಾಕ್ಬೇಡಿ ಸಾರ್," ಎಂದಳು ಗಂಗಾಲಕ್ಷ್ಮಿ. ಅವಳ ದನಿ ಏರಲಿಲ್ಲ. "ಮಾದಿಗರ ಹಾಲು ಅಂತ ಹಾಕಿ. ಮಾದಿಗರ ಹಾಲನ್ನ ಬೇರೆ ಇಡ್ಬೇಕು ಅನ್ನೋ ರೂಢಿ ಈ ಡೈರೀಲಿದೆ, ಗಂಗಾಲಕ್ಷ್ಮಿ ಅದನ್ನ ಬೇಕಂತ್ಲೇ ಮುರಿದ್ಳು, ಅದು ದುರ್ನಡತೆ ಅಂತ ಹಾಕಿ. ಕೆಲ್ಸದಿಂದ ತೆಗೀರಿ. ಏನಕ್ಕೆ ತೆಗೆದ್ರಿ ಅಂತ ಬರ್ದು ತೆಗೀರಿ. ನಾನು ಸೈನ್ ಹಾಕ್ತೀನಿ."

ಮುರಳಿಮೋಹನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಇಂಥ ಉತ್ತರ ಅಭ್ಯಾಸವಿಲ್ಲ. ಕೊನೆಗೆ ನನಗೆ ಹೇಳಿದರು: "ಬರ್ಕೋ ಭೀಮ. ಆಪಾದಿತ ನೌಕರರು ಉದ್ವೇಗಕ್ಕೆ ಒಳಗಾಗಿದ್ದು... ಮುಂಜಾನೆಯ ಮಂದ ಬೆಳಕಿನಲ್ಲಿ, ಕಣ್ತಪ್ಪಿನಿಂದ, ಸದರಿ ಅಚಾತುರ್ಯ ಸಂಭವಿಸಿತೆಂದು ತಿಳಿಸಿರುತ್ತಾರೆ."

ನನ್ನ ಬೆರಳು ಕೀಲಿಗಳ ಮೇಲಿದ್ದವು. ಆ ವಾಕ್ಯ ನನ್ನದೇ, ಕಣ್ಣು ಮುಚ್ಚಿಕೊಂಡು ಒತ್ತಬಲ್ಲೆ. ಎದುರಿಗೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಬೆರಳುಗಳನ್ನು ನೋಡುತ್ತಿದ್ದಳು.

ನಾನು ಒತ್ತಿದೆ. "ಅಲ್ಲ, ಬೇಕೆಂದೇ ಹುಯ್ದೆ" ಎಂದು ಶುರುಮಾಡಿದೆ. ಹದಿನಾಲ್ಕು ತಿಂಗಳು, ಎರಡು ಹೊತ್ತೂ ಎಂದು ಒತ್ತಿದೆ. ಕೆನೆಗಟ್ಟಿತ್ತು ಎಂದು ಒತ್ತಿದೆ. ಮೋರಿ, ಹುಣಸೆಹಣ್ಣು, ಗಂಜಲ ಎಂದು ಒತ್ತಿದೆ. ಆಮೇಲೆ ಆ ಪದವನ್ನು ಒತ್ತಿದೆ. ಹನ್ನೊಂದು ವರ್ಷದಲ್ಲಿ ನನ್ನ ಬೆರಳಿನಿಂದ ಬರದೆ ಉಳಿದಿದ್ದ ನಮ್ಮ ಜಾತಿಯ ಹೆಸರು ಪರದೆಯ ಮೇಲೆ ಕಪ್ಪಗೆ ನಿಂತಿತು. ನೋಡಿದರೆ ಉಳಿದ ಅಕ್ಷರಗಳ ಹಾಗೆಯೇ ಇತ್ತು. ಇಷ್ಟು ದಿನ ಯಾಕೆ ಹೆದರಿದ್ದೆನೋ.

ಮುರಳಿಮೋಹನ್ ಪಕ್ಕಕ್ಕೆ ಬಾಗಿ ಓದಿದರು. "ಏನಯ್ಯ ಇದು? ನಾನು ಹೇಳಿದ್ದು ಇದಾ?"

"ಆಯಮ್ಮ ಹೇಳಿದ್ದು ಇದು ಸಾರ್."

"ವಿಚಾರಣಾಧಿಕಾರಿ ನಾನೋ ನೀನೋ? ಅಳಿಸು."

"ಅಳಿಸಲ್ಲ ಸಾರ್."

ಅವರು ನನ್ನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದರು. "ಹೇಳಿದ್ದು ಮಾಡಲ್ಲ ಅಂತಿದೀಯ. ಗೊತ್ತಿದ್ದೂ ಮಾಡ್ತಿದೀಯ. ಇದಕ್ಕೆ ಏನಂತಾರೆ ಅಂತ ನಿಂಗೆ ನಾನೇ ಹೇಳ್ಕೊಟ್ಟಿದೀನಿ ಕಣಯ್ಯ."

"ಹೌದು ಸಾರ್. ಚೆನ್ನಾಗಿ ಹೇಳ್ಕೊಟ್ಟಿದೀರಿ."

"ನಾಳೆಯಿಂದ ಆಫೀಸಿಗೆ ಬರಬೇಡ."

"ಆಯ್ತು ಸಾರ್," ಎಂದು ಪ್ರಿಂಟಿಗೆ ಕೊಟ್ಟೆ. ನಮ್ಮ ಪ್ರಿಂಟರು ಹಳೆಯದು, ಒಂದೊಂದು ಹಾಳೆಗೂ ನರಳುತ್ತದೆ. ಎರಡು ಪ್ರತಿ ಹೊರಬರುವಷ್ಟರಲ್ಲಿ ಕದಿರಪ್ಪ ನಂದೀಶನ ಕಿವಿಯಲ್ಲಿ, "ಅದ್ರಲ್ಲಿ ಏನೈತೋ? ಏನ್ ಬರ್ದವ್ನೋ ಆ ನನ್ಮಗ?" ಎಂದು ಕೇಳುವುದು ಕೇಳಿಸಿತು.

ಗಂಗಾಲಕ್ಷ್ಮಿ ನಿಂತುಕೊಂಡೇ ಒಂದೊಂದು ಸಾಲನ್ನೂ ಓದಿದಳು. ಓದಿ ಎರಡಕ್ಕೂ ಸಹಿ ಹಾಕಿದಳು. ಪೂರ್ತಿ ಹೆಸರು, ಊರಿನ ಹೆಸರಿನ ಸಮೇತ. ಕದಿರಪ್ಪ ಕಿತ್ತುಕೊಳ್ಳಲು ಕೈ ಚಾಚಿದ.

"ನೌಕರರಿಗೆ ಒಂದು ಪ್ರತಿ ಕೊಡಲೇಬೇಕು," ಎಂದೆ. ಇದನ್ನೂ ಮುರಳಿಮೋಹನ್ ಅವರೇ ಕಲಿಸಿದ್ದು. ಅವರು ತಲೆ ಎತ್ತಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳು ತನ್ನ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು.

ಐದು ಗಂಟೆ ಆಗಿಹೋಗಿತ್ತು. ಹೊರಗೆ ಸಂಜೆಯ ಹಾಲಿನ ಸಾಲು ರಸ್ತೆಯವರೆಗೂ ಬೆಳೆದಿತ್ತು. ಊರೊಳಗಿನವರು ಒಂದು ಕಡೆ, ಕಾಲೊನಿಯವರು ಕೊನೆಯಲ್ಲಿ, ಯಾವಾಗಲೂ ಇರುವ ಹಾಗೆ. ಕಾಲೊನಿಯ ಮಕ್ಕಳು ಕಟ್ಟೆಯ ಮೇಲಿದ್ದ ಹೆಂಗಸರಿಗೆ ಅವರವರ ಹಾಲು ತಂದುಕೊಟ್ಟು ಹೋಗಿದ್ದರು. ಗಂಗಾಲಕ್ಷ್ಮಿ ಹೊರಗೆ ಬಂದದ್ದನ್ನು ನೋಡಿ ಮುನಿಶಾಮಮ್ಮ ಕಟ್ಟೆಯಿಂದ ಇಳಿದಳು. ಸೊಸೆಯನ್ನು ತಬ್ಬಿಕೊಳ್ಳುತ್ತಾಳೆ, ಇಲ್ಲವೇ ಬಡಿಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಹಾಲಿನ ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡು, ಸಾಲನ್ನು ದಾಟಿ, ಮೆಟ್ಟಿಲು ಹತ್ತಿ ಒಳಗೆ ಬಂದಳು. ನಾನು ಕಂಡಂತೆ ಅವಳು ಎಂದೂ ಹಾಗೆ ಬಂದವಳಲ್ಲ. ಕಾಲೊನಿಯವರು ಹೊಸ್ತಿಲಾಚೆ ನಿಂತು ಪಾತ್ರೆ ಚಾಚುವುದು ಪದ್ಧತಿ.

"ಏಯ್ ಮುದ್ಕಿ, ಎಲ್ಲಿಗೆ ಬಂದೆ?" ಎಂದ ಕದಿರಪ್ಪ.

ಅವಳು ಅವನನ್ನು ನೋಡಲಿಲ್ಲ. ಬಾಗಿಲ ಪಕ್ಕದ ಕ್ಯಾನಿನ ಮುಚ್ಚಳ ತೆಗೆದು ಕೆಳಗಿಟ್ಟಳು. ನಿಧಾನವಾಗಿ, ಒಂದು ಹನಿ ಹೊರಗೆ ಚೆಲ್ಲದ ಹಾಗೆ, ಪಾತ್ರೆಯನ್ನು ಪೂರ್ತಿ ಬಗ್ಗಿಸಿದಳು. ತಳದಲ್ಲಿ ಉಳಿದದ್ದನ್ನೂ ತಟ್ಟಿ ಸುರಿದಳು.

"ನಂದೀಶಾ! ಹಿಡಿಯೋ ಅವಳ್ನ! ತಳ್ಳೋ ಆಚೆಗೆ!"

ನಂದೀಶ್ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಮೇಜಿನ ಮೇಲೆ ಇನ್ನೊಂದು ಪ್ರತಿ ಹಾಗೆಯೇ ಬಿದ್ದಿತ್ತು, ಅವನ ಹೆಸರೂ ಅದರಲ್ಲಿತ್ತು.

ಮುನಿಶಾಮಮ್ಮ ಬರಿದಾದ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಲೇ ಭೀಮ, ನನ್ ಹೆಸ್ರೂ ಬರ್ಕೊಳೋ. ಮುನಿಶಾಮಮ್ಮ, ಕಾಲೊನಿ. ಎಂಟು ಲೀಟ್ರು. ಕಣ್ತಪ್ಪು ಗಿಣ್ತಪ್ಪು ಅಂತ ಬರ್ದೀಯ, ನೋಡು!"

ಕಟ್ಟೆಯಿಂದ ಇಳಿದು ಅವಳ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಕಾಲೊನಿಯ ಗಂಗರತ್ನಮ್ಮ ತನ್ನ ಪಾತ್ರೆಯ ಮುಚ್ಚಳ ತೆಗೆದಳು.